ಕಾವಿಗೆ ಕಾಯುವ ಕಿಣ್ವ

ಐಸ್ ತುಂಬಿದ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕೂರುವಷ್ಟು ಗಟ್ಟಿ ಎದೆ ನನ್ನದಲ್ಲ. ಆದರೂ ಆ ಮಧ್ಯಾಹ್ನ ಕೂತಿದ್ದೆ.

ಇಂದಿರಾನಗರದ ನಮ್ಮ ಪುಟ್ಟ ಲ್ಯಾಬಿನಲ್ಲಿ, ಡಿಎನ್‌ಎ ತುಣುಕನ್ನು ಲಕ್ಷಗಟ್ಟಲೆ ನಕಲು ಮಾಡುವ ಪಿಸಿಆರ್ ಯಂತ್ರ ಬೇಕಾದ ಹೊತ್ತಿಗೇ ಕೈಕೊಟ್ಟಿತ್ತು. ನನ್ನ ವಿದ್ಯಾರ್ಥಿನಿ ನಸ್ರೀನ್ ಆಗಲೇ ಒಂದು ನಳಿಕೆಯಲ್ಲಿ ಡಿಎನ್‌ಎ, ಅದನ್ನು ನಕಲು ಮಾಡುವ ಕಿಣ್ವ ಎಲ್ಲವನ್ನೂ ಬೆರೆಸಿಬಿಟ್ಟಿದ್ದಳು. ಅವಳು ಮಣ್ಣಿನಿಂದ ಹುಡುಕಿ ತೆಗೆದಿದ್ದ ಬ್ಯಾಕ್ಟೀರಿಯಾ ಸತ್ತುಹೋಗಿತ್ತು. ಅದರ ಡಿಎನ್‌ಎಯ ಕೊನೆಯ ಹನಿ ಆ ನಳಿಕೆಯಲ್ಲಿತ್ತು. ಅದರೊಳಗಿನ ಜೀನೊಂದನ್ನು ನಕಲು ಮಾಡಿ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸಬೇಕಿತ್ತು. ತಪ್ಪಿದರೆ ಅವಳ ಪಿಎಚ್‌ಡಿ ಮತ್ತೆ ಮಣ್ಣು ಅಗೆಯುವಲ್ಲಿಂದ ಶುರು. ಮಹದೇವಪುರದ ಗೆಳೆಯರ ಲ್ಯಾಬಿನಲ್ಲಿ ಯಂತ್ರ ಸಿಕ್ಕಿತು. ನಳಿಕೆಯನ್ನು ಐಸ್ ಡಬ್ಬದಲ್ಲಿಟ್ಟು ಕ್ಯಾಬ್ ಹತ್ತಿದೆವು.

ಮಳೆಗೆ ರಿಂಗ್ ರೋಡು ಕೆರೆಯಾಗಿತ್ತು. ನಿಂತ ಗಾಡಿಯಲ್ಲಿ ಐಸ್ ನೀರಾಯಿತು, ನೀರೂ ಬೆಚ್ಚಗಾಯಿತು. ನಾನು ಹಳೆಯ ಕಿಣ್ವಗಳ ಕಾಲದವನು. ತುಸು ಬೆಚ್ಚಗಾದರೆ ಸಾಕು, ಅವು ಬೇಡದ್ದನ್ನೆಲ್ಲ ನಕಲು ಮಾಡತೊಡಗುತ್ತವೆ. ನಸ್ರೀನ್ ಬಳಸಿದ್ದು ಹೊಸದು. ಅದಕ್ಕೆ ಬೀಗ ಹಾಕಿರುತ್ತಾರೆ. ಯಂತ್ರದೊಳಗಿನ ಸುಡುವ ಕಾವು ತಾಗಿದ ಮೇಲೇ ಆ ಬೀಗ ತೆರೆದುಕೊಳ್ಳುತ್ತದೆ. ನಕಲಿನಲ್ಲಿ ಡಿಎನ್‌ಎಯ ಅಕ್ಷರವೊಂದು ತಪ್ಪಿದರೆ ಈ ಕಿಣ್ವ ತಾನೇ ಹಿಂದೆ ಸರಿದು ತಿದ್ದಿಕೊಳ್ಳುತ್ತದೆ ಕೂಡ. ಇದನ್ನೆಲ್ಲ ಓದಿದ್ದೆ, ನಂಬಿರಲಿಲ್ಲ.

“ಹೆದರ್ಬೇಡಿ ಸರ್, ಅದಿನ್ನೂ ಮಲಗಿದೆ,” ಅಂದಳು ನಸ್ರೀನ್.

“ನಿಂಗ್ ಹೇಗಮ್ಮ ಗೊತ್ತು?”

“ಗೊತ್ತಿಲ್ಲ ಸರ್. ನೀವೂ ಹೆದರಿದ್ರೆ ನಾನು ಅತ್ತುಬಿಡ್ತೀನಿ, ಅದಕ್ಕೆ ಹೇಳ್ದೆ.”

ಕಲಬುರಗಿ ಕಡೆಯ ಚಾಲಕ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. “ಡಬ್ಬ್ಯಾಗ ಕಿಡ್ನಿ ಐತೇನ್ರೀ ಸರ?”

ಹೂಂ ಎನ್ನುವ ಆಸೆಯಾಯಿತು. “ಇಲ್ಲಪ್ಪ, ಒಂದು ಕ್ರಿಮಿಯ ಜೀನು.”

“ಕ್ರಿಮೀದಾ?” ಅವನು ನಸ್ರೀನಳ ಮುಖ ನೋಡಿದ. “ಇರ್ಲಿ ಬಿಡ್ರಿ, ಅಕ್ಕಾರಿಗೆ ಬೇಕಾಗೇತಲ್ಲ,” ಎಂದವನೇ ಗಾಡಿಯನ್ನು ಒಂದು ಸಂದಿಗೆ ನುಗ್ಗಿಸಿದ.

ಅಂತೂ ತಲುಪಿದೆವು. ಯಂತ್ರ ತನ್ನ ಕೆಲಸ ಮುಗಿಸಿತು. ಫಲಿತಾಂಶ ತೋರಿಸುವ ಜೆಲ್ಲನ್ನು ಬೆಳಕಿನ ಮೇಲಿಟ್ಟಾಗ ನಸ್ರೀನ್, “ನೀವೇ ನೋಡಿ ಸರ್,” ಎಂದು ಗೋಡೆಗೆ ಮುಖ ಮಾಡಿದಳು. ಒಂದೇ ಒಂದು ಗೆರೆ, ಇರಬೇಕಾದ ಜಾಗದಲ್ಲೇ, ಹೊಳೆಯುತ್ತಿತ್ತು; ಬೇಕಾದ ಜೀನು ಮಾತ್ರ ನಕಲಾಗಿತ್ತು. ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದೆ. ಆ ತಡಕ್ಕೆ ಅವಳು ತಪ್ಪರ್ಥ ಹಚ್ಚಿ ನೆಲದ ಮೇಲೆ ಕೂತುಬಿಟ್ಟಳು.

“ಬಂದಿದೆ ಕಣಮ್ಮಾ!” ಎಂದು ಕೂಗಿಬಿಟ್ಟೆ. ಆಗ ನಿಜಕ್ಕೂ ಅತ್ತಳು.

ಮುಂದೆ ಆ ಜೀನು ಹೊಸ ಬ್ಯಾಕ್ಟೀರಿಯಾದಲ್ಲಿ ನೆಲೆಯಾಯಿತು. ಅದರ ಡಿಎನ್‌ಎ ಅಕ್ಷರಗಳನ್ನು ಯಂತ್ರದಲ್ಲಿ ಓದಿಸಿ ನೋಡಿದರೆ ಒಂದಕ್ಷರವೂ ತಪ್ಪಿರಲಿಲ್ಲ. ದಾರಿಯುದ್ದಕ್ಕೂ ನಾನು ಪಟ್ಟ ಆತಂಕದಿಂದ ಆ ಕಿಣ್ವಕ್ಕೆ ಲಾಭವೂ ಆಗಿರಲಿಲ್ಲ, ನಷ್ಟವೂ ಆಗಿರಲಿಲ್ಲ. ಜಗತ್ತಿನ ಬಹುಪಾಲು ಕೆಲಸಗಳು ನನ್ನ ಆತಂಕದ ನೆರವಿಲ್ಲದೆಯೇ ನಡೆಯುತ್ತಿರಬೇಕು. ಇದು ಗೊತ್ತಾದ ಮೇಲೂ ಆತಂಕ ಪಡುವುದನ್ನು ಬಿಡಲಾಗಿಲ್ಲ. ಇಷ್ಟು ವರ್ಷಗಳ ಅನುಭವ ಸುಮ್ಮನೆ ಹಾಳಾಗಬಾರದಲ್ಲ!