ತಾತ ಬೇಡ ಅಂದುಬಿಟ್ಟರೆ

ಮೊನ್ನೆ ನಮ್ಮ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹೊಸದೊಂದು ಟೀ ಅಂಗಡಿ ತೆರೆದಿದ್ದರು. ಬಾಗಿಲಲ್ಲೇ ಪುಟ್ಟದೊಂದು ಯಂತ್ರ ಇಟ್ಟುಕೊಂಡು ಟೀ ಎಲೆ ಹುರಿಯುತ್ತಿದ್ದರು. ಕೈಯಲ್ಲಿ ತರಕಾರಿ ಚೀಲ, ಮಗಳು ಸ್ಕೂಲಿನಿಂದ ಬರುವ ಹೊತ್ತು... ಆದರೂ ಮಾಸ್ಕ್ ಕೆಳಗೆಳೆದುಕೊಂಡು ನಿಂತುಬಿಟ್ಟೆ. ಆ ಘಮ ಮೂಗಿಗೆ ಬಿದ್ದದ್ದೇ ತಡ, ಕಣ್ಣ ಮುಂದೆ ಬಂದವರು ಟೀಯನ್ನೇ ಮುಟ್ಟದೆ ಮುದುಕಿಯಾದ ನಮ್ಮ ಪಕ್ಕದ ಮನೆಯ ಅಜ್ಜಿ.

ಟೋಕಿಯೋದ ಎಡೋಗಾವಾದಲ್ಲಿರುವ ಈ ಅಪಾರ್ಟ್‌ಮೆಂಟಿಗೆ ನಾವು ಬಂದ ಹೊಸತು. ಮನೆಗೆ ಹೊಸದಾಗಿ ಬಂದವರು ಅಕ್ಕಪಕ್ಕದವರಿಗೆ ಏನಾದರೂ ಸಣ್ಣ ಉಡುಗೊರೆ ಕೊಟ್ಟು ಪರಿಚಯ ಮಾಡಿಕೊಳ್ಳುವುದು ಇಲ್ಲಿನ ರೂಢಿ. ನಾನು ಹಾಸನದವಳು, ನನ್ನ ಹತ್ತಿರ ಇನ್ನೇನಿರುತ್ತದೆ? ಊರಿಂದ ತಂದಿದ್ದ ಕಾಫಿಪುಡಿ ಪೊಟ್ಟಣ ಹಿಡಿದುಕೊಂಡು ಹೋದೆ. ಅಜ್ಜಿ ಎರಡೂ ಕೈಯಲ್ಲಿ ತೆಗೆದುಕೊಂಡು, ಬಗ್ಗಿ, ಅರಿಗಾತೋ ಎಂದರು. ಹಿಂದೆ ನಿಂತಿದ್ದ ಅವರ ಯಜಮಾನರು ಮಾತ್ರ ಕಿಸಕ್ಕನೆ ನಕ್ಕರು. ಯಾಕೆ ನಕ್ಕರೆಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಅಜ್ಜಿ ಮೋರ್ಮನ್ ಎಂಬ ಕ್ರೈಸ್ತ ಪಂಥದವರು. ಅವರಲ್ಲಿ ಕಾಫಿ ಇಲ್ಲ, ಟೀ ಇಲ್ಲ, ಮದ್ಯವೂ ಇಲ್ಲ. ಟೀ ಕುಡಿಯದ ಜಪಾನಿಯೇ ಎಂದು ನನಗೆ ಆಶ್ಚರ್ಯ. ಅಜ್ಜಿ ಕುಡಿಯುತ್ತಿದ್ದದ್ದು ಬಾರ್ಲಿ ಹುರಿದು ಕುದಿಸಿದ ನೀರು.

ಅದಕ್ಕಿಂತ ತಮಾಷೆಯೆಂದರೆ ಅಜ್ಜಿ ಟೀ ವ್ಯಾಪಾರಿಯ ಮಗಳು. ತೋಟಗಳ ಸೀಮೆಯ ಒಂದು ಸಣ್ಣ ಪಟ್ಟಣದಲ್ಲಿ ಅವರಪ್ಪನ ಅಂಗಡಿ. ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಆ ಊರಿಗೆ ಇಬ್ಬರು ಅಮೆರಿಕನ್ ಹುಡುಗರು ಸೈಕಲ್ ತುಳಿದುಕೊಂಡು ಬಂದರಂತೆ, ಧರ್ಮ ಹೇಳಲು. ಪುಕ್ಕಟೆ ಇಂಗ್ಲಿಷ್ ಕಲಿಸುತ್ತಾರೆಂದು ಈಕೆ ಹೋದರು. ಹೋದವರು ಧರ್ಮವನ್ನೂ ಕಲಿತು ಬಂದು, ಇನ್ನು ಮೇಲೆ ಟೀ ಕುಡಿಯುವುದಿಲ್ಲ ಎಂದುಬಿಟ್ಟರು. ಅಂಗಡಿಯವನ ಮಗಳೇ ಅಂಗಡಿಯ ಮಾಲು ಮುಟ್ಟದಿದ್ದರೆ ಗಿರಾಕಿಗಳು ಏನಂದುಕೊಳ್ಳಬೇಕು? ಅಪ್ಪ ಅವರನ್ನು ಚಿಕ್ಕಮ್ಮನ ಮನೆಗೆ ಕಳಿಸಿ ಮಾತು ಬಿಟ್ಟರು. ಆ ಊರಿನಲ್ಲಿ ಆ ಪಂಥಕ್ಕೆ ಸೇರಿದವರಲ್ಲಿ ಅಜ್ಜಿಯೇ ಮೊದಲಿಗರು. ಚಪ್ಪಲಿ ಅಂಗಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಜನ ಕೂತು ಪ್ರಾರ್ಥನೆ ಮಾಡುತ್ತಿದ್ದರಂತೆ. ಆಮೇಲೆ ಸ್ವಂತ ಕಟ್ಟಡ ಕಟ್ಟುವಾಗ ಮರಳು, ಸಿಮೆಂಟು ಎಲ್ಲ ತಾವೇ ಹೊತ್ತರು. ಬೆನ್ನಿಗೆ ಕೂಸನ್ನು ಕಟ್ಟಿಕೊಂಡು ಅಜ್ಜಿಯೂ ಹೊತ್ತರು. ಆ ಕೂಸೇ ಈಗ ಒಸಾಕಾದಲ್ಲಿರುವ ಮಗಳು. ಅಮ್ಮನ ಬೆನ್ನ ಮೇಲೆ ಕೂತು ಚರ್ಚು ಕಟ್ಟಿದ ಆಕೆ ಕಾಲೇಜಿಗೆ ಹೋದ ಮೇಲೆ ಚರ್ಚಿಗೆ ಹೋಗುವುದನ್ನೇ ಬಿಟ್ಟರು. ಅಜ್ಜಿ ಇದನ್ನು ಹೇಳುವಾಗ ಬೇಸರವನ್ನೇನೂ ತೋರಿಸುತ್ತಿರಲಿಲ್ಲ.

ಅಪ್ಪ ಬಿಟ್ಟ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ? ಅಪ್ಪನ ಅಂಗಡಿಯಲ್ಲೇ ಎಲೆ ಹುರಿಯುತ್ತಿದ್ದ ಆಳು ಆದ. ಅವರೇ ನಮ್ಮ ಪಕ್ಕದ ಮನೆಯ ತಾತ. ಹೆಂಡತಿಗೆ ಚರ್ಚಿಗೆ ಹೋಗಬೇಡ ಎನ್ನಲಿಲ್ಲ, ತಾವು ಒಂದು ದಿನವೂ ಹೋಗಲಿಲ್ಲ. ಸಂಜೆ ಕುಡಿಯುವ ಅಕ್ಕಿಯ ಮದ್ಯ ಸಾಕೆಯನ್ನೂ ಬಿಡಲಿಲ್ಲ. ಬೆಳಿಗ್ಗೆ ತಾವೇ ಬಾಣಲೆಯಲ್ಲಿ ಒಂದು ಹಿಡಿ ಎಲೆ ಹುರಿದು, ತಾವೇ ಟೀ ಮಾಡಿಕೊಳ್ಳುತ್ತಿದ್ದರು. ಆ ಘಮ ಬಾಲ್ಕನಿ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರಿಬ್ಬರದು ಎದ್ದ ಮೇಲೂ ಮುಂದುವರಿಯುತ್ತಿತ್ತು, ಆದರೆ ದನಿ ಏರುತ್ತಿರಲಿಲ್ಲ. ನನಗೂ ನಮ್ಮವರಿಗೂ ಜಗಳವಾದಾಗಲೆಲ್ಲ ನಾನು, ಪಕ್ಕದ ಮನೆಯವರನ್ನು ನೋಡಿ ಕಲೀರಿ ಎನ್ನುತ್ತಿದ್ದೆ. ಅವರು, ಟೀ ನಾನೇ ಮಾಡ್ಕೋಬೇಕಾ ಎನ್ನುತ್ತಿದ್ದರು.

ಕೊರೊನಾ ಬರುವುದಕ್ಕೆ ಸ್ವಲ್ಪ ಮುಂಚೆ ತಾತ ಹೋಗಿಬಿಟ್ಟರು. ಸಂಕಟಪಡದೆ, ನಿದ್ದೆಯಲ್ಲೇ.

ಆಮೇಲೆ ಊರೆಲ್ಲ ಬಾಗಿಲು ಹಾಕಿಕೊಂಡಿತು. ನಮ್ಮವರು ಊಟದ ಟೇಬಲ್ಲನ್ನೇ ಆಫೀಸು ಮಾಡಿಕೊಂಡರು. ಮಗಳ ಸ್ಕೂಲು ಟ್ಯಾಬಿನೊಳಗೆ ಸೇರಿತು. ನನಗೆ ಉಳಿದ ಒಂದೇ ಜಾಗ ಬಾಲ್ಕನಿ. ನಮ್ಮ ಬಾಲ್ಕನಿಗೂ ಅಜ್ಜಿಯದಕ್ಕೂ ನಡುವೆ ಇರುವುದು ಒಂದು ತೆಳು ಹಲಗೆ, ಬೆಂಕಿ ಬಿದ್ದರೆ ಒಡೆದು ಆ ಕಡೆ ದಾಟಲು ಅನುಕೂಲವಾಗಲೆಂದು ಹಾಗೆ ಮಾಡಿರುತ್ತಾರೆ. ಬಟ್ಟೆ ಒಣಹಾಕುವ ಹೊತ್ತಿಗೆ ಹಲಗೆಯ ಆ ಕಡೆಯಿಂದ "ಓಕುಸಾನ್" ಎಂದು ಕರೆಯುತ್ತಿದ್ದರು. ಇಲ್ಲಿ ಮನೆಯೊಡತಿಯನ್ನು ಹಾಗೇ ಕರೆಯುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಕಾಣದೆ ಎಷ್ಟು ಮಾತಾಡಿದೆವೋ... ಅಜ್ಜಿ ಆಡುತ್ತಿದ್ದದ್ದು ನಿಧಾನವಾದ, ನನಗೆ ಅರ್ಥವಾಗುವಂಥ ಜಪಾನಿ ಭಾಷೆ. ಆದರೆ ಈಗ ನೆನೆಸಿಕೊಂಡರೆ ಅವರ ಮಾತೆಲ್ಲ ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

ಅಜ್ಜಿಗಿದ್ದದ್ದು ಒಂದೇ ಆಸೆ. ಅವರ ಪಂಥದಲ್ಲಿ ಮದುವೆಯನ್ನು ಸಾಯುವ ತನಕ ಮಾತ್ರವಲ್ಲ, ಸತ್ತ ಮೇಲೂ ಉಳಿಯುವ ಹಾಗೆ ಬೆಸೆಯುವ ಒಂದು ಶಾಸ್ತ್ರವಿದೆ. ಅದನ್ನು ಊರೂರಿನ ಚರ್ಚಿನಲ್ಲಲ್ಲ, ಕೆಲವೇ ಊರುಗಳಲ್ಲಿರುವ ಅವರ ಮಂದಿರದಲ್ಲೇ ಮಾಡಬೇಕು. ಗಂಡ ಪಂಥಕ್ಕೆ ಸೇರದೆಯೇ ತೀರಿಕೊಂಡಿದ್ದರೆ, ಒಂದು ವರ್ಷ ಕಳೆದ ಮೇಲೆ ಅವನ ಜಾಗದಲ್ಲಿ ಬೇರೆ ಯಾರಾದರೂ ನಿಂತು ನಡೆಸಿಕೊಡಬಹುದಂತೆ. ಟೋಕಿಯೋದ ಮಂದಿರ ದುರಸ್ತಿಗೆಂದು ಮೊದಲೇ ಮುಚ್ಚಿತ್ತು. ಕೊರೊನಾ ಬಂದ ಮೇಲೆ ಯಾವಾಗ ತೆರೆಯುತ್ತದೋ ಹೇಳುವವರಿಲ್ಲ. ಬೇರೆ ಊರಿನ ಮಂದಿರಕ್ಕೆ ಹೋಗೋಣವೆಂದರೆ ತೊಂಬತ್ತರ ಹತ್ತಿರದ ವಯಸ್ಸು. ನಾನು, ತೆರೆಯುತ್ತೆ ಬಿಡಿ ಅಜ್ಜಿ, ಆರೋಗ್ಯ ನೋಡಿಕೊಳ್ಳಿ ಎಂದು ಸಮಾಧಾನ ಹೇಳುತ್ತಿದ್ದೆ.

ಆದರೆ ಅವರ ಚಿಂತೆ ಬಾಗಿಲಿನದಲ್ಲ ಎಂದು ನನಗೆ ಗೊತ್ತಾದದ್ದು ಒಂದು ಚಳಿಗಾಲದ ಬೆಳಿಗ್ಗೆ. ಬಟ್ಟೆ ಹಿಂಡುತ್ತಿದ್ದ ಸದ್ದು ಆ ಕಡೆ ನಿಂತಿತು.

"ಓಕುಸಾನ್, ಬಾಗ್ಲು ಇವತ್ತಲ್ಲ ನಾಳೆ ತೆಗೀತಾರೆ. ಅಲ್ಲಿ ಅವರು ಬೇಡ ಅಂದ್ಬಿಟ್ರೆ?"

ಇಲ್ಲಿ ಶಾಸ್ತ್ರ ಮಾಡಿದರೂ ತೀರಿಕೊಂಡು ಆ ಲೋಕ ಸೇರಿದವರೂ ಒಪ್ಪಬೇಕಂತೆ. ಒಪ್ಪದೆಯೂ ಇರಬಹುದಂತೆ. ನಮ್ಮಲ್ಲಾದರೆ ಏಳೇಳು ಜನ್ಮ ಎಂದು ಕಟ್ಟಿಬಿಡುತ್ತಾರೆ, ಯಾರನ್ನೂ ಕೇಳುವ ಪದ್ಧತಿಯಿಲ್ಲ! ಅಜ್ಜಿಗೆ ಹೇಳಿದೆ, ನಗಲಿಲ್ಲ. ಯಾವಾಗಲೋ ಒಮ್ಮೆ ಧರ್ಮ ಹೇಳುವ ಹುಡುಗರು ಮನೆಗೆ ಬಂದಿದ್ದಾಗ ತಾತ, ಸತ್ತ ಮೇಲಾದರೂ ನೆಮ್ಮದಿಯಾಗಿ ಟೀ ಕುಡಿಯಲು ಬಿಡಿ ಎಂದಿದ್ದರಂತೆ. ಆಗ ಎಲ್ಲರೂ ನಕ್ಕಿದ್ದರು. ಈಗ ಒಂಟಿಯಾಗಿ ಕೂತ ಅಜ್ಜಿಗೆ ಅದೇ ಮಾತು ಕೊರೆಯುತ್ತಿತ್ತು. ನನ್ನ ಜೊತೆ ಬದುಕಿದ್ದು ಅವರಿಗೆ ಇಷ್ಟವಿತ್ತೋ, ಸುಮ್ಮನೆ ಸಹಿಸಿಕೊಂಡರೋ, ನಾನು ಕೇಳಲೇ ಇಲ್ಲ ಎಂದರು.

ನನಗೊಂದು ವಿಷಯ ಗೊತ್ತಿತ್ತು. ಯಾರಿಗೂ ಹೇಳುವುದಿಲ್ಲವೆಂದು ತಾತನಿಗೆ ಮಾತು ಕೊಟ್ಟಿದ್ದೆ. ಸತ್ತವರಿಗೆ ಕೊಟ್ಟ ಮಾತು ದೊಡ್ಡದೋ, ಇದ್ದವರ ಸಂಕಟ ದೊಡ್ಡದೋ? ಕೈಯಲ್ಲಿದ್ದ ಒದ್ದೆ ಟವೆಲನ್ನು ತಂತಿಗೆ ಹಾಕಿ ಹಲಗೆಯ ಹತ್ತಿರ ಸರಿದೆ. ಆಮೇಲೆ ಹೇಳಿಬಿಟ್ಟೆ.

ತಿಂಗಳ ಮೊದಲ ಭಾನುವಾರ ಅವರಲ್ಲಿ ಉಪವಾಸ. ಅಜ್ಜಿ ಬರಿಹೊಟ್ಟೆಯಲ್ಲೇ ಚರ್ಚಿಗೆ ಹೋಗುತ್ತಿದ್ದರು, ಸಂಜೆಗೇ ಊಟ. ಪಾಪ, ತಾತ ಒಬ್ಬರೇ ಏನು ಮಾಡಿಕೊಳ್ಳುತ್ತಾರೋ ಎಂದು ನಾನು ಆ ದಿನ ಚಿತ್ರಾನ್ನವೋ ಉಪ್ಪಿಟ್ಟೋ ಕೊಟ್ಟುಬರುತ್ತಿದ್ದೆ. ಎಷ್ಟು ಸಲ ಕೊಟ್ಟರೂ, ಆಮೇಲೆ ತಿನ್ನುತ್ತೇನೆ ಎಂದು ಮುಚ್ಚಿಡುವುದು. ಒಂದು ಸಲ ನನಗೂ ರೇಗಿತು. ನಮ್ಮ ಅಡುಗೆ ಸೇರದಿದ್ದರೆ ಹೇಳಿಬಿಡಿ, ಸುಮ್ಮನೆ ಯಾಕೆ ದಾಕ್ಷಿಣ್ಯ ಎಂದೆ. ತಾತ ಮೆಟ್ಟಿಲಿನ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸುಮಿಮಾಸೆನ್, ಕ್ಷಮಿಸಿ ಎಂದು ತಲೆ ಬಗ್ಗಿಸಿ ಹೇಳಿದರು. ಇವತ್ತು ಅವಳ ಉಪವಾಸ. ಅವಳು ಹಸಿದಿರುವಾಗ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಮದುವೆಯಾದಾಗಿನಿಂದಲೂ ಹೀಗೆಯೇ. ಅವಳಿಗೆ ಹೇಳಬೇಡಿ, ಹೇಳಿದರೆ ನಾಳೆಯೇ ಆ ಸೈಕಲ್ ಹುಡುಗರನ್ನು ಕರೆತಂದು ಕೂರಿಸುತ್ತಾಳೆ... ಆ ದಿನ ಅವರು ಟೀ ಕೂಡ ಕುಡಿಯುತ್ತಿರಲಿಲ್ಲ.

ಇಷ್ಟನ್ನೂ ಹೇಳಿ ಮುಗಿಸಿದೆ. ಅಳುತ್ತಿದ್ದಾರೋ ಏನೋ, ನನಗೆ ಕಾಣುವಂತಿರಲಿಲ್ಲ. ಆಮೇಲೆ ಹಲಗೆಯ ಆ ಕಡೆಯಿಂದ ಅವರ ದನಿ ಬಂತು.

"ಹಸಿವು ತಡೆಯೋಕೆ ಆಗ್ತಾನೇ ಇರ್ಲಿಲ್ಲ ಅವರಿಗೆ. ಊಟ ಸ್ವಲ್ಪ ಲೇಟಾದ್ರೂ ಮುಖ ಊದಿಸ್ಕೊಳ್ಳೋರು."

ನಾನು ಕೊಟ್ಟ ಚಿತ್ರಾನ್ನವನ್ನು ತಾತ ಸಂಜೆ ಬಿಸಿ ಮಾಡಿ, ನನಗೆ ಹೊಟ್ಟೆ ತುಂಬಿದೆ, ನಿನಗೆ ಜೊತೆಯಾಗಲೆಂದು ಎರಡು ತುತ್ತು ಎನ್ನುತ್ತಾ ತಟ್ಟೆ ಖಾಲಿ ಮಾಡುತ್ತಿದ್ದರಂತೆ. ಹೊಟ್ಟೆಬಾಕ ಎಂದು ತಾನು ಬೈದದ್ದೂ ಉಂಟು ಎಂದು ಅಜ್ಜಿ ನಕ್ಕರು. ಆಮೇಲೆ ಆ ನಗು ಬೇರೇನೋ ಆಯಿತು... ನಾನು ಒಳಗೆ ಹೋಗದೆ ಅಲ್ಲೇ ನಿಂತಿದ್ದೆ.

ಅವತ್ತಿನಿಂದ ಅಜ್ಜಿ ಮಂದಿರದ ಸುದ್ದಿ ಎತ್ತುವುದನ್ನೇ ಬಿಟ್ಟರು. ಮುಂದಿನ ಚಳಿಗಾಲದಲ್ಲಿ ಹೃದಯದ ತೊಂದರೆಯಾಗಿ ಆಂಬ್ಯುಲೆನ್ಸ್ ಬಂತು. ನಾನು ಕಾರಿಡಾರಿನಲ್ಲಿ ನಿಂತು ಕೈ ಮುಗಿದೆ, ಅವರು ಬೆರಳೆತ್ತಿದರು, ಅಷ್ಟೇ. ಆಸ್ಪತ್ರೆಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಒಸಾಕಾದ ಮಗಳಿಗೂ ಫೋನಿನಲ್ಲೇ ಮಾತು. ಕೆಲವೇ ದಿನಗಳಲ್ಲಿ ಹೋಗಿಬಿಟ್ಟರು.

ಬೇಸಿಗೆಯಲ್ಲಿ ಮಂದಿರ ತೆರೆಯಿತಂತೆ. ಒಂದು ಮಧ್ಯಾಹ್ನ ಒಸಾಕಾದ ಮಗಳು ಸಿಹಿಯ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ತಾನು ಚರ್ಚು ಬಿಟ್ಟವಳು, ಆದರೂ ಅಮ್ಮನ ಗೆಳತಿಯರನ್ನು ಕೇಳಿಕೊಂಡು ಅಪ್ಪ ಅಮ್ಮನ ಶಾಸ್ತ್ರ ಮಾಡಿಸಿದೆ ಎಂದರು. ನಾನು ಬಾಯಿ ತಡೆಯಲಾರದೆ, ಅಷ್ಟು ಆಸೆಯಿತ್ತು, ಆ ದಿನದವರೆಗೆ ಇರಬೇಕಿತ್ತು ಅಜ್ಜಿ ಎಂದೆ. ಆಕೆ ತಲೆಯಾಡಿಸಿದರು.

"ಇಲ್ಲ, ಅಮ್ಮಂಗೆ ಅರ್ಜೆಂಟ್ ಇತ್ತು. ಫೋನಲ್ಲಿ ಹೇಳಿದ್ರು, ನಿಮ್ಮಪ್ಪ ನನ್ನ ಬಿಟ್ಟು ಊಟ ಮಾಡಲ್ಲ, ಎಷ್ಟು ದಿನ ಅಂತ ಕಾಯ್ತಾರೆ ಅಂತ."

ಪಕ್ಕದ ಮನೆಗೆ ಈಗ ಹೊಸಬರು ಬಂದಿದ್ದಾರೆ. ಒಳ್ಳೆಯ ಜನ, ತಮ್ಮ ಪಾಡಿಗೆ ತಾವು ಇರುತ್ತಾರೆ. ಬಟ್ಟೆ ಒಣಹಾಕುವಾಗ ಹಲಗೆಯ ಆ ಕಡೆಯಿಂದ ನನ್ನನ್ನು ಯಾರೂ ಕರೆಯುವುದಿಲ್ಲ. ಇಷ್ಟು ದಿನವಾದರೂ ಅದು ನನಗೆ ಅಭ್ಯಾಸವಾಗಿಲ್ಲ. ಅಜ್ಜಿ ಇರಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಆದರೆ ಅಲ್ಲಿ ಒಬ್ಬರು ಹಸಿದುಕೊಂಡು ಕೂತಿರುವಾಗ, ಇನ್ನೊಂದು ವರ್ಷ ಇದ್ದು ಹೋಗಿ ಎಂದು ನಾನಾದರೂ ಯಾವ ಬಾಯಲ್ಲಿ ಹೇಳಲಿ.