ನಾಯಿ ಹೋಗಿ ನಂದಿಯಾದ ದಿನ

ಶಾಲೆಗಳಿಗೆಲ್ಲ ಬೀಗ ಬಿದ್ದ ವರ್ಷ ನಮ್ಮ ಶಿವಾರಪಟ್ಟಣದಲ್ಲಿ ತಪ್ಪದೆ ಶಾಲೆಗೆ ಹೋಗುತ್ತಿದ್ದುದು ನಮ್ಮನೆಯ ನಾಯಿ ಒಂದೇ. ಮೂರನೇ ಕ್ಲಾಸಿನ ನನ್ನ ಮಗಳನ್ನು ದಿನಾ ಗೇಟಿನ ತನಕ ಬಿಟ್ಟು, ಬೆಲ್ಲು ಹೊಡೆಯುವವರೆಗೂ ಅಲ್ಲೇ ಮಲಗಿದ್ದು, ಅವಳ ಹಿಂದೆಯೇ ಮನೆಗೆ ಬರುವುದು ಅದರ ಕೆಲಸವಾಗಿತ್ತು. ಶಾಲೆ ಮುಚ್ಚಿದೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ತಾನೊಂದೇ ಹೋಗಿ ಬೀಗ ಹಾಕಿದ ಗೇಟಿನ ಮುಂದೆ ಮಲಗಿ ಸಂಜೆ ವಾಪಸಾಗುತ್ತಿತ್ತು. ಮಕ್ಕಳ ಶಾಲೆ ಮಾತ್ರ ಅಮ್ಮಂದಿರ ಮೊಬೈಲಿನೊಳಗೆ ಬಂದು ಕೂತಿತ್ತು.

ಆ ದಿನದ ಪಾಠ ನಾನು ಒಲೆ ಹಚ್ಚುವ ಮೊದಲೇ ಬಂತು. ಕ್ಲಾಸಿನ ಗ್ರೂಪಿನಲ್ಲಿ ಟೀಚರಮ್ಮ ಹಾಕಿದ್ದರು: ‘ನಿಮ್ಮ ಗೆಳೆಯರಿಗೆ ತೋರಿಸಬೇಕು ಅನ್ನಿಸುವ ಒಂದು ಪ್ರಾಣಿಯನ್ನು ಮಣ್ಣಿನಲ್ಲಿ ಮಾಡಿ, ಸಂಜೆಯೊಳಗೆ ಫೋಟೋ ಕಳಿಸಿ. ಮಗು ಸ್ವತಃ ಮಾಡಬೇಕು. ಪೋಷಕರು ಪೂರ್ತಿಯಾಗಿ ತೊಡಗಿಕೊಳ್ಳಬೇಕು.’ ಎರಡೂ ಒಟ್ಟಿಗೆ ಆಗುವುದು ಹೇಗೆ ಅಂತ ಕೇಳೋಣವೆಂದರೆ, ಆ ಗ್ರೂಪಿನಲ್ಲಿ ನಮಗೆಲ್ಲ ಇದ್ದದ್ದು ಕೈಮುಗಿಯುವ ಚಿತ್ರ ಹಾಕುವಷ್ಟು ಧೈರ್ಯ. ನಾನೂ ಕೈಮುಗಿದೆ.

ಮಗಳು ಯೋಚನೆಯನ್ನೇ ಮಾಡಲಿಲ್ಲ. “ನಮ್ ನಾಯಿ ಮಾಡ್ತೀನಮ್ಮ. ನಾಯಿ ಹೆಂಗಿದೆ, ತೋರ್ಸು ತೋರ್ಸು ಅಂತ ಅವ್ಳು ಕೇಳ್ತಾನೇ ಇದಾಳೆ” ಅಂದಳು. ಅವಳು ಅಂದರೆ ಪಕ್ಕದ ಹಳ್ಳಿಯಿಂದ ನಡೆದು ಬರುತ್ತಿದ್ದ, ಒಂದೇ ಬೆಂಚಿನ ಗೆಳತಿ. ಬಿಸಿಯೂಟದಲ್ಲಿ ತನ್ನ ಪಾಲಿನದು ಅರ್ಧ ನಾಯಿಗೆ ಹಾಕುತ್ತಿದ್ದವಳು. ತಿಂಗಳುಗಟ್ಟಲೆ ಇಬ್ಬರೂ ಮುಖ ನೋಡಿರಲಿಲ್ಲ. ನಾಯಿಯ ಫೋಟೋ ತೆಗೆದು ಕಳಿಸೋಣ ಅಂದರೆ, ನಾವು ಮೊಬೈಲು ಎತ್ತಿದ ಕೂಡಲೇ ಕಲ್ಲು ಎತ್ತಿದೆವು ಅಂದುಕೊಂಡು ಅದು ಓಟ ಕೀಳುತ್ತಿತ್ತು. ಅದರ ಎಡಗಿವಿ ಯಾವಾಗಲೂ ಮಡಚಿಕೊಂಡೇ ಇರುತ್ತದೆ. ಆ ಕಿವಿಯೊಂದು ಸರಿಯಾಗಿ ಬಂದರೆ ಸಾಕು, ಗೆಳತಿ ಗುರುತು ಹಿಡಿಯುತ್ತಾಳೆ ಅನ್ನುವುದು ಮಗಳ ನಂಬಿಕೆ.

ಬೇರೆ ಮನೆಯಾಗಿದ್ದರೆ ಪಾಠ ತಿಂಡಿಯ ಹೊತ್ತಿಗೆ ಮುಗಿಯುತ್ತಿತ್ತು. ಆದರೆ ಶ್ರೀನಿವಾಸಪುರದ ಮಾವಿನ ತೋಟದವರ ಮಗಳಾದ ನಾನು ಸೊಸೆಯಾಗಿ ಸೇರಿರುವುದು ವಿಗ್ರಹ ಕೆತ್ತುವವರ ಮನೆ. ನಮ್ಮೂರಿನ ಎಷ್ಟೋ ಮನೆಗಳಂತೆ ಇಲ್ಲೂ ಮಾವ, ಗಂಡ, ಮೈದುನ ಎಲ್ಲರೂ ಶಿಲ್ಪಿಗಳು. ಆಗ ದೇವಸ್ಥಾನಗಳಿಗೂ ಬೀಗ ಬಿದ್ದಿತ್ತು, ಇರುವ ದೇವರನ್ನೇ ನೋಡುವವರಿಲ್ಲದಿರುವಾಗ ಹೊಸ ದೇವರನ್ನು ಯಾರು ಕೇಳುತ್ತಾರೆ? ಕೆಲಸವಿಲ್ಲದೆ ಕೈ ತುರಿಸುತ್ತಿದ್ದ ಮೂವರೂ ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ಅಂಥವರ ಕಣ್ಣೆದುರಿಗೇ ಮಗು ಅಂಗಳದಲ್ಲಿ ಕೆರೆ ಮಣ್ಣು ಕಲಸಲು ಶುರು ಮಾಡಿತು.

ಸ್ವಲ್ಪ ಹೊತ್ತಿಗೆ ಮಣ್ಣಿನ ನಾಯಿ ಎದ್ದು ನಿಂತಿತು. ಹೊಟ್ಟೆ ದಪ್ಪ, ಕಾಲು ಸೊಟ್ಟ, ಕಿವಿ ಮಾತ್ರ ಅದೇ ಕಿವಿ. ನಾನು ಮೊಬೈಲು ತರಲು ಒಳಗೆ ಹೋದೆ. ಅಷ್ಟರಲ್ಲಿ ನನ್ನ ಗಂಡ ಕೆಳಗಿಳಿದಿದ್ದರು. “ಕಾಲು ಮುರಿದೋಗುತ್ತೆ ಕಣಮ್ಮ, ಒಂಚೂರು ಗಟ್ಟಿ ಮಾಡ್ಕೊಡ್ತೀನಿ” ಅನ್ನುತ್ತಾ ಕಾಲುಗಳನ್ನು ಮಡಚಿ ನಾಯಿಯನ್ನು ಕೂರಿಸಿಯೇಬಿಟ್ಟರು. ಕೂತ ಮೇಲೆ ಮೈದುನನಿಗೆ ಅದರ ಬೆನ್ನು ಬೋಳಾಗಿ ಕಂಡಿತು. “ಅಣ್ಣ, ಇಲ್ಲಿ ತುಂಬ್ಬೇಕು” ಅಂತ ಹೆಗಲ ಮೇಲೆ ಒಂದು ಮುದ್ದೆ ಮಣ್ಣಿಟ್ಟ. ಅದು ಡುಬ್ಬವಾಯಿತು. ಡುಬ್ಬ ಬಂದ ಮೇಲೆ ಕುತ್ತಿಗೆಗೆ ಗಂಟೆಸರ ಇಲ್ಲದಿದ್ದರೆ ಹೇಗೆ? ಮಾವ ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂತಿದ್ದರು. ಒಮ್ಮೆ ಕಣ್ಣು ಬಿಟ್ಟು, “ಮುಖಕ್ಕೂ ಮೈಗೂ ಅಳತೆ ಕೂಡ್ತಿಲ್ಲ ಕಣ್ರೋ” ಅಂದು ತಾವೂ ಇಳಿದರು. ಮಡಚಿದ ಕಿವಿ ಅವರ ಹೆಬ್ಬೆರಳಿಗೆ ಸಿಕ್ಕಿ ನೆಟ್ಟಗಾಯಿತು. ಊಟದ ಹೊತ್ತಿಗೆ ಎರಡು ಕಿವಿಯೂ ಕೊಂಬಾಗಿದ್ದವು.

“ತಾತ, ಅದು ನಾಯಿ” ಅಂದಳು ಮಗಳು.

“ನಾಯೀನೇ ಕಣಮ್ಮ. ನೋಡ್ತಿರು, ಹೆಂಗ್ ಬರುತ್ತೆ. ಹೋಗು, ಇನ್ನೊಂದ್ ಚೊಂಬು ನೀರ್ ತಗೊಂಬಾ.”

ಪಾಠ ಅವಳದು, ಅವಳ ಪಾಲಿಗೆ ಉಳಿದದ್ದು ನೀರು ತರುವ ಕೆಲಸ. ನನಗೆ ಸಿಟ್ಟು ನೆತ್ತಿಗೇರಿದರೆ ತವರಿನ ತೆಲುಗು ಬರುತ್ತದೆ. ಅಡುಗೆಮನೆಯಿಂದಲೇ ನಾಲ್ಕು ಮಾತು ಬಿಸಾಕಿದೆ. ಮೂವರಿಗೂ ತೆಲುಗು ಚೆನ್ನಾಗಿ ಬರುತ್ತದೆ, ಆ ದಿನ ಮಾತ್ರ ಯಾರಿಗೂ ಅರ್ಥವಾಗಲಿಲ್ಲ.

ಗ್ರೂಪಿನಲ್ಲಿ ಆಗಲೇ ಫೋಟೋಗಳು ಬೀಳುತ್ತಿದ್ದವು. ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ ‘ತಾನೇ ಮಾಡಿದ’ ಸಿಂಹದ ಪಕ್ಕ ಪೆಚ್ಚಾಗಿ ನಿಂತಿದ್ದ. ಸಿಂಹದ ಕೇಸರದ ಸುರುಳಿಗಳಲ್ಲಿ ಇಪ್ಪತ್ತು ವರ್ಷದ ಅನುಭವ ಎದ್ದು ಕಾಣುತ್ತಿತ್ತು. ಇನ್ನೊಂದು ಮನೆಯಿಂದ ಅಂಬಾರಿ ಹೊತ್ತ ಆನೆ, ಮತ್ತೊಂದರಿಂದ ರೆಕ್ಕೆ ಬಿಚ್ಚಿದ ಗರುಡ. ಎಲ್ಲದಕ್ಕೂ ಟೀಚರಮ್ಮನ ಚಪ್ಪಾಳೆ. ನಮ್ಮೂರಿನ ಅಪ್ಪಂದಿರೆಲ್ಲ ಆ ವರ್ಷ ಮೂರನೇ ಕ್ಲಾಸನ್ನು ಒಳ್ಳೆಯ ದರ್ಜೆಯಲ್ಲಿ ಪಾಸಾಗುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ಅಂಗಳದಲ್ಲಿ ನಂದಿ ಸಿದ್ಧವಾಗಿತ್ತು. ಈಗಲೋ ಆಗಲೋ ಎದ್ದು ಅಂಬಾ ಅನ್ನಬೇಕು, ಅಷ್ಟು ಲಕ್ಷಣ. ಕಣ್ಣು ಮಾತ್ರ ಇರಲಿಲ್ಲ. ನಮ್ಮ ಮನೆಯಲ್ಲಿ ಕಣ್ಣು ಬಿಡಿಸುವುದು ಎಲ್ಲಕ್ಕಿಂತ ಕೊನೆಗೆ. ವಿಗ್ರಹ ಮಾಡಿದ ಕೈಯೇ ಅದನ್ನು ಬಿಡಿಸಬೇಕು, ಬೇರೆಯವರು ಮುಟ್ಟುವಂತಿಲ್ಲ. ಮಾವ ತೆಂಗಿನ ಗರಿಯ ಕಡ್ಡಿಯೊಂದನ್ನು ಚೂಪು ಮಾಡಿ ಮೊಮ್ಮಗಳ ಕೈಗೆ ಕೊಟ್ಟರು.

“ಬಾಮ್ಮ, ಕಣ್ಣು ಬಿಡ್ಸು. ನಿನ್ ಪಾಠ ಅಲ್ವಾ?”

ಮಗಳು ಕಡ್ಡಿ ಹಿಡಿದು ನಂದಿಗೆ ಒಂದು ಸುತ್ತು ಬಂದಳು. ಆಮೇಲೆ ಕೇಳಿದಳು, “ಮಾಡ್ದೋರೇ ಬಿಡಿಸ್ಬೇಕು ಅಂತ ನೀವೇ ಹೇಳೋದಲ್ವಾ ತಾತ? ಇದನ್ನ ನಾನು ಮಾಡಿಲ್ಲ. ನಾನು ಮಾಡಿದ್ದು ನಾಯಿ. ಅದೆಲ್ಲಿ?”

ಮಾವ ದೊಡ್ಡ ಮಗನ ಮುಖ ನೋಡಿದರು, ಅವರು ತಮ್ಮನ ಮುಖ ನೋಡಿದರು. ಅಷ್ಟು ಜನರ ಕೈ ಬಿದ್ದ ವಿಗ್ರಹಕ್ಕೆ ಕಣ್ಣು ಯಾರು ಬಿಡಿಸಬೇಕು ಅನ್ನುವುದಕ್ಕೆ ನಮ್ಮ ಮನೆಯ ಕಟ್ಟಳೆಯಲ್ಲಿ ಉತ್ತರವಿರಲಿಲ್ಲ. ಮಗಳ ಕಣ್ಣಲ್ಲಿ ನೀರು ತುಂಬಿತ್ತು. ಅವಳನ್ನು ಎತ್ತಿಕೊಂಡು ಕುಣಿಯಬೇಕು ಅನ್ನಿಸಿತು ನನಗೆ.

ಕೊನೆಗೆ ಮಾವನೇ ಚೊಂಬೆತ್ತಿ ನಂದಿಯ ನೆತ್ತಿಯ ಮೇಲೆ ನೀರು ಸುರಿದರು. ಕೊಂಬು, ಡುಬ್ಬ, ಗಂಟೆಸರ ಎಲ್ಲವನ್ನೂ ಕಲಸಿ ಮುದ್ದೆ ಮಾಡಿ ಅವಳ ಮುಂದಿಟ್ಟರು. ಹೋಗಿ ಜಗಲಿಯ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರು. “ನೀವೂ ಕೂತ್ಕೊಳ್ರೋ” ಅಂತ ಮಕ್ಕಳಿಬ್ಬರನ್ನೂ ಗದರಿದರು. ನಾಯಿಯ ಕಾಲು ಸೊಟ್ಟ ಬಂದಾಗ ಮೈದುನ ಒಮ್ಮೆ ನರಳಿದ, ಅಷ್ಟೇ.

ಈ ಸಲದ ನಾಯಿ ಮೊದಲಿನದಕ್ಕಿಂತಲೂ ಸೊಟ್ಟ. ಮಗಳು ಎಡಗಿವಿ ಮಡಚಿ, ಕಡ್ಡಿಯಿಂದ ಚುಚ್ಚಿ ಕಣ್ಣು ಬಿಡಿಸಿದಳು. ಬೆಳಕಿರುವಾಗಲೇ ಫೋಟೋ ಕಳಿಸಿದೆವು.

ಟೀಚರಮ್ಮನ ಉತ್ತರ ಬೇಗನೆ ಬಂತು: ‘ಪರವಾಗಿಲ್ಲ. ಮನೆಯಲ್ಲಿ ದೊಡ್ಡವರು ಸ್ವಲ್ಪ ಗಮನ ಕೊಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.’ ನಾನು ಅದನ್ನು ಜಗಲಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ.

ಅದರ ಹಿಂದೆಯೇ ಗೆಳತಿ ಮೊಬೈಲಿನಲ್ಲಿ ಮಾತಾಡಿ ಕಳಿಸಿದ ದನಿ ಬಂತು: “ಲೇ, ನಮ್ ನಾಯಿ ಕಣೇ! ಕಿವಿ ನೋಡೇ! ಈಗ್ಲೂ ಗೇಟ್ ಹತ್ರ ಕಾಯುತ್ತಾ ಅದು?”

ಅದು ಆಗತಾನೇ ಶಾಲೆಯಿಂದ ಬಂದು ಅಂಗಳದಲ್ಲಿ ಮಲಗಿತ್ತು. ಮಗಳು ಜಗಲಿಯ ಮೇಲೆ ಕೂತು ಆ ದನಿಯನ್ನು ಮತ್ತೊಮ್ಮೆ ಹಾಕಿದಳು. ಕೇಳಿದ್ದೇ ತಡ, ನಾಯಿ ದಡಕ್ಕನೆ ಎದ್ದು, ಸುತ್ತ ನೋಡಿ, ಶಾಲೆಯ ಕಡೆಗೆ ಓಡಿತು. “ಅವ್ಳು ಅಲ್ಲಿಲ್ಲ ಕಣೋ, ಬಾರೋ” ಅಂತ ಕೂಗುತ್ತಾ ಮಗಳು ಅದರ ಹಿಂದೆ ಓಡಿದಳು.