ಪೊರಕೆಯ ಅಳತೆ

ನಮ್ಮ ದೊಡ್ಡಮ್ಮ ಇಪ್ಪತ್ತೆಂಟು ವರ್ಷ ಗುಡಿಸಿದ್ದು ಶತ್ರುಗಳ ಸಮಾಧಿಗಳನ್ನು. ಯುದ್ಧದಲ್ಲಿ ನಮ್ಮ ನೆಲದ ಮೇಲೆ ಸತ್ತ ಆ ದೇಶದ ಸೈನಿಕರನ್ನು ಊರಾಚೆ ಹೂತಿದ್ದರು. ಹುಲ್ಲು ಬೆಳೆದರೆ ಕಲ್ಲು ಕಾಣುತ್ತಿರಲಿಲ್ಲ. ಹಾಗಾಗಿ ಯಾವ ಸಮಾಧಿ ಅಲ್ಲಿದ್ದ ನೀರಿನ ನಲ್ಲಿಯಿಂದ ಎಷ್ಟು ಪೊರಕೆಯುದ್ದ ದೂರ ಎಂಬುದು ಅವಳಿಗೆ ಬಾಯಿಪಾಠ. ಅವಳ ಸ್ವಂತ ತಮ್ಮ, ನನ್ನ ಸೋದರಮಾವ, ಅದೇ ಯುದ್ಧದಲ್ಲಿ ಆ ದೇಶದಲ್ಲಿ ಮಣ್ಣಾಗಿದ್ದ. ಅವನನ್ನು ಕೊಂದವರ ಚಾಕರಿ ಮಾಡಲು ನಾಚಿಕೆಯಿಲ್ಲವೇ ಎಂದು ಬೀದಿಯವರು ಚುಚ್ಚಿದರೆ ಅವಳದು ಒಂದೇ ಉತ್ತರ: "ಅಲ್ಲಿ ನನ್ನ ತಮ್ಮನ ಕಲ್ಲು ಒರೆಸೋಳು ಒಬ್ಬಳು ಇರ್ತಾಳಲ್ಲ, ಅವಳಿಗೋಸ್ಕರ ಮಾಡ್ತೀನಿ."

ಹೋದ ವರ್ಷ ನಮ್ಮ ಮಂತ್ರಿಗಳು ಆ ದೇಶಕ್ಕೆ ಹೋಗಿ ನಮ್ಮ ಸೈನಿಕರ ಸಮಾಧಿಗಳಿಗೆ ಹೂವಿಟ್ಟು ಬಂದರು. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ದೊಡ್ಡಮ್ಮ ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಕಲ್ಲುಗಳ ಸಾಲು ಎಷ್ಟು ನೆಟ್ಟಗಿದೆ, ನಮ್ಮವರನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಈ ವರ್ಷ ಆ ದೇಶದವರು ಇಲ್ಲಿಗೆ ಬರುವ ಸರದಿ. ಕಣ್ಣಿನ ಪೊರೆ ತೆಗೆಸಿಕೊಂಡು ವಾರದ ಮೇಲೆ ದೊಡ್ಡಮ್ಮ ಕೆಲಸಕ್ಕೆ ಹೋದರೆ ಜಾಗದ ಗುರುತೇ ಹತ್ತಲಿಲ್ಲ. ಗುಂಡು ಹಾರುತ್ತಿದ್ದಾಗ ಸಿಕ್ಕಸಿಕ್ಕಲ್ಲಿ ಹೂತ ಹೆಣಗಳು. ಸಾಲು ಡೊಂಕಾಗಿಯೇ ಇತ್ತು. ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲೆಂದು ಎಂಜಿನಿಯರ್ ಮಹಾಶಯ ಕಲ್ಲುಗಳನ್ನೆಲ್ಲ ಕಿತ್ತು, ದಾರ ಹಿಡಿದು, ಒಂದು ಪಕ್ಕಕ್ಕೆ ಒತ್ತೊತ್ತಾಗಿ ನೆಡಿಸಿದ್ದ. ತೆರವಾದ ಜಾಗದಲ್ಲಿ ವೇದಿಕೆ. ಹೆಸರು ಒಂದು ಕಡೆ, ಹೆಣ ಇನ್ನೊಂದು ಕಡೆ. ದೊಡ್ಡಮ್ಮ ಕೂಗಾಡಿದಳು. "ಮಲಗಿರೋರಿಗೆ ಏನು ಗೊತ್ತಾಗುತ್ತೆ ಅಜ್ಜಿ?" ಎಂದು ಅವನು ನಕ್ಕನಂತೆ. ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಸಮಾರಂಭದ ದಿನ ಆ ದೇಶದವರ ಜೊತೆ ಒಬ್ಬ ಮುದುಕಿ ಬಂದಿದ್ದಳು. ಅಣ್ಣನ ಹೆಸರಿದ್ದ ಕಲ್ಲು ಸಿಕ್ಕಿದ್ದೇ ತಡ, ಮಂಡಿಯೂರಿ ಮಣ್ಣು ಸವರತೊಡಗಿದಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆಂದು ಅಧಿಕಾರಿ ದೊಡ್ಡಮ್ಮನಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದ. ಬಾಯಿ ಬಿಡದಿದ್ದರೆ ಆ ಮುದುಕಿ ಬರೀ ಮಣ್ಣಿನ ಮುಂದೆ ಅತ್ತು ಊರಿಗೆ ಹೋಗುತ್ತಿದ್ದಳು.

"ಏಳಮ್ಮ, ಅವನು ಇಲ್ಲಿಲ್ಲ," ಎಂದು ದೊಡ್ಡಮ್ಮ ಅವಳ ರಟ್ಟೆ ಹಿಡಿದೆತ್ತಿದಳು. ದುಭಾಷಿ ತಡವರಿಸುತ್ತ ಅದನ್ನು ಅವಳ ಭಾಷೆಯಲ್ಲಿ ಹೇಳಿದ. ನಲ್ಲಿಯ ಬುಡದಿಂದ ಪೊರಕೆಯನ್ನು ನೆಲಕ್ಕೆ ಮಲಗಿಸಿ ಮಲಗಿಸಿ ದೊಡ್ಡಮ್ಮ ಎಣಿಸಿದಳು. ಅವನಿರುವ ಹದಿಮೂರನೆಯ ಅಳತೆ ವೇದಿಕೆಯ ಅಡಿಗೆ ಹೋಯಿತು. ಮೇಲೆ ಮಂತ್ರಿಗಳು ಎರಡು ದೇಶಗಳ ಸ್ನೇಹದ ಬಗ್ಗೆ ಕೊರೆಯುತ್ತಿದ್ದರು. ಮುದುಕಿ ವೇದಿಕೆಗೆ ಇಳಿಬಿಟ್ಟಿದ್ದ ಬಿಳಿ ಬಟ್ಟೆ ಸರಿಸಿ, ಹೂವು ಹಿಡಿದುಕೊಂಡು ತೆವಳುತ್ತ ಒಳಗೆ ಹೋದಳು. ಭಾಷಣ ನಿಂತಿತು. ಹಲಗೆಗಳ ಕೆಳಗಿನಿಂದ ಅವಳ ಅಳು ಎಲ್ಲರಿಗೂ ಕೇಳಿಸಿತು.

ಮರುದಿನವೇ ದೊಡ್ಡಮ್ಮನ ಕೆಲಸ ಹೋಯಿತು. ಅದಕ್ಕೆ ಅವಳು ಕ್ಯಾರೇ ಅನ್ನಲಿಲ್ಲ. ಆದರೆ ನಾನು ಹೋದಾಗ ಅಡುಗೆಮನೆಯ ಗೋಡೆಯ ಚಿತ್ರದ ಮುಂದೆ ನಿಂತಿದ್ದಳು. ಪೊರೆ ತೆಗೆದ ಕಣ್ಣಿಗೆ ಪ್ರತಿ ಕಲ್ಲೂ ಕಾಣುತ್ತಿತ್ತು.

"ಯುದ್ಧದಲ್ಲಿ ಯಾರೂ ದಾರ ಹಿಡಿದು ಹೂಳಲ್ಲ ಕಣೋ," ಎಂದಳು. "ಇಲ್ಲೂ ಸಾಲು ನೆಟ್ಟಗಿದೆ. ನನ್ನ ತಮ್ಮ ಎಲ್ಲಿದಾನೋ?"